ಹಂಚಿನ ಲೋಡು, ರೋ-ರೋ ರೈಲು: ಸುರತ್ಕಲ್‌ನಿಂದ ಕೊಲಾಡ್‌ವರೆಗಿನ ನನ್ನ ಅನುಭವ

ಮಂಗಳೂರು ಹಂಚು ಹೇರಿದ ಲಾರಿಯನ್ನು ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯ ರೋ-ರೋ ರೇಕಿಗೆ, ಅಂದರೆ ಲೋಡು ಲಾರಿಗಳನ್ನೇ ವ್ಯಾಗನ್ನುಗಳ ಮೇಲೆ ಹೊತ್ತೊಯ್ಯುವ ರೈಲಿಗೆ, ಹತ್ತಿಸಿದರೆ ಮಹಾರಾಷ್ಟ್ರದ ಕೊಲಾಡ್‌ನಲ್ಲಿ ಇಳಿಯುವುದು ಹಂಚಲ್ಲ, ಜಲ್ಲಿ ಎಂಬ ಮಾತು ನಮ್ಮ ಕಡೆಯ ಲಾರಿ ಮಾಲೀಕರಲ್ಲಿ ಬಹುಕಾಲದಿಂದ ಇದೆ. ನಾನು ಈ ದಾರಿ ಹಿಡಿಯುತ್ತೇನೆಂದಾಗ ಬ್ರೋಕರ್ ಆಫೀಸಿನಲ್ಲಿ ನಕ್ಕವರೇ ಹೆಚ್ಚು. ಈಗ ಅಲಿಬಾಗ್, ಮುರುಡ್ ಕಡೆಯ ಹಂಚಿನ ಲೋಡಿಗೆ ನನ್ನ ಹತ್ತು ಚಕ್ರದ ಗಾಡಿಗಳು ರಸ್ತೆ ಹಿಡಿಯುವುದನ್ನೇ ಬಿಟ್ಟಿವೆ, ಅಂದು ನಕ್ಕವರಲ್ಲಿ ಕೆಲವರ ಗಾಡಿಗಳು ಸುರತ್ಕಲ್ ಯಾರ್ಡಿನಲ್ಲಿ ನನ್ನ ಗಾಡಿಯ ಹಿಂದೆಯೇ ಸಾಲಿನಲ್ಲಿ ನಿಲ್ಲುತ್ತವೆ. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ.

ರೋ-ರೋ ಹೊಸದೇನಲ್ಲ. 1999ರ ಜನವರಿ 26ರಂದು ಕೊಲಾಡ್‌ನಿಂದ ಗೋವಾದ ವೆರ್ಣಾವರೆಗೆ ಆರಂಭವಾದ ಸೇವೆ 2004ರಲ್ಲಿ ಸುರತ್ಕಲ್ ಮುಟ್ಟಿತು. ಆಗಿನಿಂದಲೂ ನಮ್ಮವರು ಅದನ್ನು ಅಳೆಯುತ್ತಿರುವುದು ಡೀಸೆಲ್ ಬಿಲ್ಲಿನಲ್ಲಿ. ಲೋಡು ಗಾಡಿ ಲೀಟರಿಗೆ ಮೂರೂವರೆಯಿಂದ ನಾಲ್ಕು ಕಿಲೋಮೀಟರ್ ಓಡುತ್ತದೆಂದು ಹಿಡಿದರೆ ಕೊಲಾಡ್‌ವರೆಗೆ ಹೆಚ್ಚುಕಡಿಮೆ ಇನ್ನೂರು ಲೀಟರ್ ಬೇಕು, ಅಂದರೆ ಹದಿನೆಂಟು ಸಾವಿರದ ಆಸುಪಾಸು. ರೈಲಿನ ಶುಲ್ಕ ಗಾಡಿಯ ತೂಕದ ಸ್ಲ್ಯಾಬಿನ ಮೇಲೆ ನಿಗದಿಯಾಗುತ್ತದೆ. ಆ ದರ ಆಗಾಗ ಬದಲಾಗುವುದರಿಂದ ಸಂಖ್ಯೆ ಬರೆಯುವುದಿಲ್ಲ, ಆದರೆ ಡೀಸೆಲ್ ಒಂದನ್ನೇ ಎದುರಿಗಿಟ್ಟು ನೋಡಿದರೆ ನನಗೆ ಎಂದೂ ದೊಡ್ಡ ಉಳಿತಾಯ ಕಾಣಿಸಿಲ್ಲ. ಲೆಕ್ಕವನ್ನು ಅಲ್ಲಿಗೇ ನಿಲ್ಲಿಸುವವರು ರೋ-ರೋ ಸೋತ ಬಾಬತ್ತು ಎಂದು ತೀರ್ಮಾನಿಸುತ್ತಾರೆ.

ಉಳಿತಾಯ ಕೂತಿರುವುದು ಬೇರೆ ಜಾಗಗಳಲ್ಲಿ. ಹೆಜಮಾಡಿ, ಸಾಸ್ತಾನ, ಶಿರೂರು, ಹಟ್ಟಿಕೇರಿಯ ಟೋಲ್‌ಗಳು ರಾಜ್ಯ ದಾಟುವ ಮೊದಲೇ ಬರುತ್ತವೆ. ಅಂಕೋಲಾದಲ್ಲಿ ಬಲಕ್ಕೆ ತಿರುಗಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದ ಮೇಲೆ ಹೋದರೆ ಟೋಲ್ ಇನ್ನೂ ಹೆಚ್ಚು, ಜೊತೆಗೆ ಅರಬೈಲು ಘಾಟಿ. ನೇರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋದರೆ ಗೋವಾದ ಕರ್ಮಲ್ ಘಾಟಿ, ಚಿಪಳೂಣದ ಬಳಿಯ ಪರಶುರಾಮ ಘಾಟಿ, ಅದರಾಚೆ ಕಶೇಡಿ ಘಾಟಿ. ಒಂದೊಂದು ಘಾಟಿಗೂ ಬ್ರೇಕ್ ಲೈನರ್ ಮತ್ತು ಹಿಂದಿನ ಟೈರುಗಳು ತೆರುವ ಬೆಲೆ ಆ ದಿನದ ಡೈರಿಯಲ್ಲಿ ಬರೆದಿರುವುದಿಲ್ಲ, ವರ್ಷದ ಕೊನೆಗೆ ಟೈರಿನ ಅಂಗಡಿಯ ಬಿಲ್ಲಿನಲ್ಲಿ ಸಿಗುತ್ತದೆ. ಮಾಜಾಳಿ, ಪೊಳೆ, ಪತ್ರಾದೇವಿ, ಇನ್ಸುಲಿ ಎಂದು ಎರಡು ರಾಜ್ಯಗಳ ಗಡಿಯಲ್ಲಿ ನಿಲ್ಲುವ ಹೊತ್ತು, ಅಲ್ಲಲ್ಲಿ ಚಹಾದ ಹೆಸರಿನಲ್ಲಿ ಜಾರುವ ನೋಟುಗಳು ಬೇರೆ. ಇವೆಲ್ಲಕ್ಕಿಂತ ದೊಡ್ಡದು ಹಂಚಿನ ಒಡಕು. ಹದಿನೆಂಟು ಟನ್ನಿನ ಲೋಡಿನಲ್ಲಿ ಸುಮಾರು ಏಳು ಸಾವಿರ ಹಂಚು ಹಿಡಿಯುತ್ತದೆ, ರಸ್ತೆಯಲ್ಲಿ ಹೋದರೆ ಅದರಲ್ಲಿ ಮುನ್ನೂರು ಒಡೆಯುವುದು ಮಾಮೂಲು. ಒಂದಕ್ಕೆ ಮೂವತ್ತೈದು ರೂಪಾಯಿ ಹಿಡಿದರೂ ಹತ್ತು ಸಾವಿರ ಮಣ್ಣುಪಾಲು. ನಮ್ಮ ಕರಾರಿನಲ್ಲಿ ನೂರಕ್ಕಿಂತ ಮೇಲಿನ ಒಡಕು ಬಾಡಿಗೆಯಲ್ಲಿ ಮುರಿಯುತ್ತದೆ.

ಆದರೆ ಮೊದಲ ಸಲ ರೈಲಿನಲ್ಲಿ ಹೋದ ಲೋಡು ರಸ್ತೆಗಿಂತ ಕೆಟ್ಟದಾಗಿ ಒಡೆದಿತ್ತು. ಐನೂರರ ಹತ್ತಿರ ಹಂಚು ಹೋಗಿತ್ತು, ಗಿರಾಕಿ ಬಾಡಿಗೆಯಿಂದ ಹದಿನಾಲ್ಕು ಸಾವಿರ ಕಡಿದುಕೊಂಡರು. ಎರಡನೆಯ ಸಲ ಬೈಹುಲ್ಲು ಹೆಚ್ಚು ಹಾಕಿಸಿದೆ, ಫಲ ಅಷ್ಟಕ್ಕಷ್ಟೇ. ಆಗ ಗಮನಕ್ಕೆ ಬಂದದ್ದು ಒಡಕು ಬಿದ್ದ ಜಾಗ. ರಸ್ತೆಯಲ್ಲಿ ಒಡೆಯುವುದು ತಳದ ಸಾಲುಗಳು ಮತ್ತು ಕ್ಯಾಬಿನ್ ಬದಿಯ ಸಾಲುಗಳು, ಏಕೆಂದರೆ ಗುಂಡಿ ಕೆಳಗಿನಿಂದ ಹೊಡೆಯುತ್ತದೆ, ಬ್ರೇಕು ಲೋಡನ್ನು ಮುಂದಕ್ಕೆ ತಳ್ಳುತ್ತದೆ. ರೈಲಿನಲ್ಲಿ ಒಡೆದದ್ದು ಬಹುಪಾಲು ಹಿಂಬದಿಯ ಡೋರಿನ ಹತ್ತಿರದ ಸಾಲುಗಳು. ಡ್ರೈವರ್ ಕೈಯಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿದ ಹಳೆಯ ಮೊಬೈಲು ಕೊಟ್ಟು, ಅದನ್ನು ಬಾಡಿಯ ಅಡ್ಡಪಟ್ಟಿಗೆ ಟೇಪಿನಲ್ಲಿ ಬಿಗಿಸಿ ಕಳುಹಿಸಿದೆ. ಬಂದ ಗೆರೆಗಳನ್ನು ನೋಡಿದಾಗ ವಿಷಯ ತಿಳಿಯಾಯಿತು: ಓಡುವ ರೈಲಿನ ಮೇಲೆ ಗಾಡಿ ಸಣ್ಣದಾಗಿ ಅತ್ತಿತ್ತ ತೂಗುತ್ತದೆಯೇ ಹೊರತು ಮೇಲೆಕೆಳಗೆ ಏಟೇ ಇಲ್ಲ. ಹೊಡೆತವೆಲ್ಲ ರೈಲು ಹೊರಡುವಾಗ ವ್ಯಾಗನ್ನುಗಳ ನಡುವಿನ ಸಡಿಲ ಬಿಗಿಯಾಗುವ ಆ ಒಂದು ಕ್ಷಣದಲ್ಲಿ ಬೀಳುತ್ತದೆ, ಅದೂ ಲೋಡನ್ನು ಹಿಂದಕ್ಕೆ ತಳ್ಳುತ್ತದೆ. ಕ್ರಾಸಿಂಗಿಗಾಗಿ, ಅಂದರೆ ಬೇರೆ ರೈಲಿಗೆ ದಾರಿ ಬಿಡಲು, ನಿಂತ ನಿಲ್ದಾಣದಲ್ಲೆಲ್ಲ ಅದು ಮತ್ತೊಮ್ಮೆ.

ಆದ್ದರಿಂದ ಹಂಚು ಜೋಡಿಸುವ ಕ್ರಮವನ್ನೇ ತಿರುಗಿಸಿದೆ. ನಮ್ಮ ಲೋಡಿಂಗ್ ಆಳುಗಳು ಕ್ಯಾಬಿನ್ ಬದಿಯಿಂದ ಬಿಗಿಯುತ್ತಾ ಬಂದು ಕೊನೆಯ ಸಾಲನ್ನು ಡೋರಿಗೆ ಸಡಿಲವಾಗಿ ಬಿಡುವುದು ರೂಢಿ, ಏಕೆಂದರೆ ರಸ್ತೆಯಲ್ಲಿ ಅದು ಸಾಕು. ಈಗ ಡೋರಿನ ಒಳಬದಿಗೆ ಹಲಗೆ ನಿಲ್ಲಿಸಿ, ಹಲಗೆಗೂ ಹಂಚಿಗೂ ನಡುವೆ ಒಣಗಿದ ತೆಂಗಿನ ಸಿಪ್ಪೆಯನ್ನು ಗಿಡಿದು, ಅಲ್ಲಿಂದ ಮುಂದಕ್ಕೆ ಸಾಲು ಕಟ್ಟಿಸುತ್ತೇನೆ. ಸಿಪ್ಪೆ ಬೈಹುಲ್ಲಿನಂತೆ ಕುಸಿಯುವುದಿಲ್ಲ, ಒತ್ತಿದರೆ ಮರಳಿ ಎದ್ದು ನಿಲ್ಲುತ್ತದೆ. ಪಕ್ಕದ ಡೋರುಗಳಿಗೆ ಬೈಹುಲ್ಲೇ ಸಾಕು. ನಡುವಿನ ಸಾಲುಗಳಲ್ಲಿ ಒಂದು ಬೇರೆ ಏರ್ಪಾಡು ಇದೆ, ಅದನ್ನು ನನ್ನ ಲೋಡಿಂಗ್ ಮೇಸ್ತ್ರಿಯೂ ನಾನೂ ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಂಡಿದ್ದೇವೆ. ಈ ಕ್ರಮಕ್ಕೆ ಬಂದ ಮೇಲೆ ಒಡಕು ಐವತ್ತು, ಅರವತ್ತರೊಳಗೆ ನಿಂತಿದೆ. ಒಮ್ಮೆ ಇಪ್ಪತ್ತಕ್ಕಿಂತ ಕಡಿಮೆ ಬಂದಾಗ ಗಿರಾಕಿಯೇ ನಂಬದೆ ಮತ್ತೆ ಎಣಿಸಿದರು.

ಗಾಡಿಯನ್ನು ವ್ಯಾಗನ್ನಿಗೆ ಬಿಗಿಯುವುದೂ ಹಂಚಿನಷ್ಟೇ ಮುಖ್ಯ. ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆದರೆ ಗಾಡಿ ಉರುಳುವುದಿಲ್ಲ, ಆದರೆ ಪಾಟಾಗಳ (ಸ್ಪ್ರಿಂಗ್ ಪಟ್ಟಿಗಳ) ಮೇಲೆ ಬಾಡಿ ತೂಗುವುದು ನಿಲ್ಲುವುದಿಲ್ಲ. ಚೈನು ಬಾಡಿಗಲ್ಲ, ಚಾಸಿಗೆ ಬೀಳಬೇಕು. ರೇಕಿನಲ್ಲಿ ಯಾವ ಜಾಗದ ವ್ಯಾಗನ್ ಸಿಕ್ಕರೆ ಜಗ್ಗು ಕಡಿಮೆ ಎಂಬುದು ಕೆಲವು ಸಲ ಹೋದವರಿಗೆ ತಾನಾಗಿ ಗೊತ್ತಾಗುತ್ತದೆ, ಅದನ್ನೂ ಇಲ್ಲಿ ಬರೆದರೆ ನನಗೇ ಆ ಜಾಗ ಸಿಗದು. ಇಳಿಸುವ ಮೊದಲು ಎಂಜಿನ್ ಚಾಲೂ ಮಾಡಿ ಗಾಳಿ ತುಂಬಿಸಿಕೊಳ್ಳಬೇಕೆಂದು ಡ್ರೈವರಿಗೆ ಎರಡು ಸಲ ಹೇಳಿ, ಏಕೆಂದರೆ ಒಂದು ಹಗಲು ಒಂದು ರಾತ್ರಿ ನಿಂತ ಗಾಡಿಯಲ್ಲಿ ಟ್ಯಾಂಕಿನ ಗಾಳಿ ಇಳಿದಿರುತ್ತದೆ, ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿರುವಾಗ ಬ್ರೇಕ್ ಬಿಡದೆ ನಿಲ್ಲುವುದು ಮರ್ಯಾದೆಯ ಮಾತಲ್ಲ.

ಟಾರ್ಪಾಲನ್ನು ಹಂಚಿನ ಕಾರ್ಖಾನೆಯ ಅಂಗಳದಲ್ಲೇ ಕಟ್ಟಿ ಮುಗಿಸಬೇಕು. 2022ರಲ್ಲಿ ಇಡೀ ಕೊಂಕಣ ಮಾರ್ಗದ ವಿದ್ಯುದೀಕರಣ ಮುಗಿದ ಮೇಲೆ ನೆತ್ತಿಯ ಮೇಲೆ 25,000 ವೋಲ್ಟಿನ ತಂತಿ ಓಡುತ್ತಿದೆ, ವ್ಯಾಗನ್ನಿನ ಮೇಲೆ ನಿಂತ ಗಾಡಿಯ ಲೋಡಿಗೆ ಯಾರೂ ಹತ್ತುವಂತಿಲ್ಲ. ತಂತಿಯನ್ನು ಮುಟ್ಟಬೇಕೆಂದೇನೂ ಇಲ್ಲ, ಹತ್ತಿರ ಹೋದರೆ ಸಾಕು ಅದು ಹಿಡಿಯುತ್ತದೆ. ಹಗ್ಗ ಸಡಿಲವಾಗಿ ಟಾರ್ಪಾಲಿನ ಅಂಚು ಹಾರಾಡತೊಡಗಿದರೆ ಡ್ರೈವರ್ ಅದನ್ನು ನೋಡುತ್ತಾ ಕೂರಬೇಕಾಗುತ್ತದೆಯೇ ಹೊರತು ಬೇರೆ ದಾರಿಯಿಲ್ಲ. ನಾನು ಅಡ್ಡಲಾಗಿ ಒಂದು ಸುತ್ತು, ಉದ್ದಕ್ಕೆ ಇನ್ನೊಂದು ಸುತ್ತು ಹಗ್ಗ ಹಾಕಿಸಿ, ಮೇಲೊಂದು ಹಳೆಯ ಮೀನುಬಲೆ ಹೊದಿಸುತ್ತೇನೆ. ಮಲ್ಪೆಯಲ್ಲಿ ತೂಕಕ್ಕೆ ಸಿಗುವ ಬಲೆ, ಖರ್ಚು ನೂರಿನ್ನೂರು. ಎತ್ತರದ ಮಿತಿ ನೆಲದಿಂದ ಸುಮಾರು 3.4 ಮೀಟರ್, ನನ್ನ ಹಂಚಿನ ಲೋಡು 3.2ರ ಒಳಗೇ ಮುಗಿಯುತ್ತದೆ. ಹಂಚು ಭಾರದ ಸರಕು, ಜಾಗ ತುಂಬುವ ಮೊದಲು ತೂಕ ತುಂಬುತ್ತದೆ, ಆದ್ದರಿಂದಲೇ ಅದು ರೋ-ರೋಗೆ ಹೇಳಿಮಾಡಿಸಿದ ಲೋಡು.

ಇದಕ್ಕೆ ವಿರುದ್ಧವಾದದ್ದನ್ನೂ ಮಾಡಿ ನೋಡಿದ್ದೇನೆ. ಒಮ್ಮೆ ಸಿಪ್ಪೆ ಸುಲಿಯದ ಒಣ ಅಡಿಕೆಯ ಚೀಲಗಳನ್ನು ಹೇರಿ ಸುರತ್ಕಲ್‌ಗೆ ಒಯ್ದಾಗ ಎತ್ತರ ಒಂದು ಗೇಣು ಮಿಕ್ಕಿತು. ಟೈರಿನ ಗಾಳಿ ಇಳಿಸಿದರೆ ಎರಡು ಮೂರು ಇಂಚು ಸಿಗುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ ಇಳಿಸಿದ್ದೂ ಆಯಿತು, ಒಂದೂವರೆ ಇಂಚಿಗಿಂತ ಹೆಚ್ಚು ಸಿಗಲಿಲ್ಲ. ಮೇಲಿನ ಸಾಲು ಇಳಿಸಿ ಬೇರೆ ಪಿಕಪ್ಪಿಗೆ ಹಾಕಿದ ಖರ್ಚು ಲಾಭವನ್ನೆಲ್ಲ ತಿಂದಿತು. ಅಡಿಕೆ, ಹತ್ತಿ, ಥರ್ಮೋಕೋಲಿನಂಥ ಹಗುರ ಲೋಡಿನವರು ಈ ದಾರಿಗೆ ಬರುವುದು ಬೇಡ.

ಇನ್ನು ಗಡಿಯ ಕಾಗದಪತ್ರ. ಅಸ್ನೋಟಿ ದಾಟಿ ಲೋಲಿಯೆಂನಲ್ಲಿ ಗೋವಾ, ಪೆರ್ನೆಂ ದಾಟಿ ಮಡುರೆಯಲ್ಲಿ ಮಹಾರಾಷ್ಟ್ರ. ರೈಲಿನ ಮೇಲಿದ್ದಾಗ ಈ ಎರಡೂ ಗಡಿಗಳು ಡ್ರೈವರಿಗೆ ಗೊತ್ತೇ ಆಗುವುದಿಲ್ಲ. ಹಾಗೆಂದು ತಪಾಸಣೆ ಇಲ್ಲವೆಂದು ತಿಳಿಯಬಾರದು, ಅದು ಎರಡು ತುದಿಗಳಿಗೆ ಸರಿದಿದೆ ಅಷ್ಟೇ. ಯಾರ್ಡಿನಲ್ಲಿ ತೂಕಕ್ಕೆ ಲೆಕ್ಕ ಕೊಡಬೇಕು. ಹತ್ತು ಚಕ್ರದ ಒಟ್ಟು ತೂಕದ ಮಿತಿ 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿದೆ, ಅದಕ್ಕಿಂತ ಹೆಚ್ಚು ಹೇರುವ ಅಭ್ಯಾಸವಿರುವವರು ರಸ್ತೆಯಲ್ಲೇ ಇರಲಿ. ನಾನು ಬೈಕಂಪಾಡಿಯ ವೇಬ್ರಿಜ್ಜಿನಲ್ಲಿ ಮೊದಲೇ ತೂಗಿಸಿ ಚೀಟಿ ಹಿಡಿದು ಹೋಗುತ್ತೇನೆ, ಸ್ಲ್ಯಾಬಿನ ಅಂಚಿನಲ್ಲಿ ಇನ್ನೂರು ಕಿಲೋ ಹೆಚ್ಚಾಗಿ ಮೇಲಿನ ದರಕ್ಕೆ ಹಾರುವುದನ್ನು ಅಲ್ಲೇ ತಪ್ಪಿಸಬಹುದು.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಹೋದವು, ಆ ಜಾಗಕ್ಕೆ ಸರಕು ಸಾಗಿಸಲು ಪೋರ್ಟಲಿನಲ್ಲಿ ಹುಟ್ಟಿಸುವ ಇ-ವೇ ಬಿಲ್ಲು ಬಂದಿತು. 2021ರಿಂದ ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ, ನಮ್ಮ ದೂರಕ್ಕೆ ನಾಲ್ಕೈದು ದಿನ ಸಿಗುತ್ತದೆ. ರಸ್ತೆಗೆ ಇದು ಧಾರಾಳ, ರೋ-ರೋಗೆ ಅಲ್ಲ, ಏಕೆಂದರೆ ಗಾಡಿಗಳು ಸೇರಿ ರೇಕು ಹೊರಡುವವರೆಗೆ ಯಾರ್ಡಿನಲ್ಲಿ ಕಾಯಬೇಕಾದ ದಿನಗಳೂ ಅದರಲ್ಲೇ ಕಳೆಯುತ್ತವೆ. ಮೊದಮೊದಲು ಕಾರ್ಖಾನೆಯವರು ಲೋಡಿನ ಹಿಂದಿನ ದಿನವೇ ಬಿಲ್ಲು ಹುಟ್ಟಿಸಿ ಕೊಟ್ಟು, ನಮ್ಮ ಗಾಡಿ ಕೊಲಾಡ್‌ನಲ್ಲಿ ಇಳಿಯುವಾಗ ಅವಧಿ ಮುಗಿಯಲು ಕೆಲವೇ ಗಂಟೆ ಉಳಿದಿತ್ತು, ವಡಖಲ್ ನಾಕಾದ ಹತ್ತಿರ ತಪಾಸಣಾ ತಂಡ ನಿಂತಿರುವ ಸುದ್ದಿಯೂ ಬಂತು. ಅವಧಿ ಮುಗಿಯುವ ಎಂಟು ಗಂಟೆ ಮೊದಲು ಮತ್ತು ಎಂಟು ಗಂಟೆ ನಂತರದವರೆಗೆ ಪೋರ್ಟಲಿನಲ್ಲಿ ಸಾಗಣೆದಾರನೇ ವಿಸ್ತರಿಸಿಕೊಳ್ಳಬಹುದು, ಸರಕು ಈಗಿರುವ ಜಾಗದ ಪಿನ್‌ಕೋಡ್ ಕೇಳುತ್ತದೆ. ರತ್ನಾಗಿರಿಯಾಚೆ ಸುರಂಗಗಳ ನಡುವೆ ಡ್ರೈವರಿಗೆ ನೆಟ್‌ವರ್ಕ್ ಸಿಗುವುದಿಲ್ಲ, ಬರೀ ಕರಬುಡೆ ಸುರಂಗವೇ ಆರೂವರೆ ಕಿಲೋಮೀಟರ್. ಆದ್ದರಿಂದ ದಾರಿಯ ನಿಲ್ದಾಣಗಳ ಪಿನ್‌ಕೋಡಿನ ಪಟ್ಟಿ ಮನೆಯ ಕಂಪ್ಯೂಟರಿನ ಪಕ್ಕದಲ್ಲೇ ಅಂಟಿಸಿಟ್ಟಿದ್ದೇನೆ, ವಿಸ್ತರಣೆಯನ್ನು ನನ್ನ ಮಗಳು ಮಾಡುತ್ತಾಳೆ. ಈಗ ಬಿಲ್ಲನ್ನು ಗಾಡಿ ಯಾರ್ಡಿಗೆ ಹೊರಡುವ ಬೆಳಿಗ್ಗೆಯೇ ಹುಟ್ಟಿಸಬೇಕೆಂದು ಕಾರ್ಖಾನೆಯವರೊಡನೆ ಮಾತಾಗಿದೆ. ಸರಕಿನ ವಿಮೆ ರಸ್ತೆಗೆ ಮಾತ್ರವೋ, ರೈಲಿಗೂ ಅನ್ವಯಿಸುತ್ತದೆಯೋ ಎಂಬುದನ್ನು ಪಾಲಿಸಿ ತೆಗೆದು ಓದಿ. ನನ್ನ ಹಳೆಯ ಪಾಲಿಸಿಯಲ್ಲಿ ರೈಲು ಇರಲಿಲ್ಲ, ಸೇರಿಸಿಕೊಳ್ಳಲು ಹೆಚ್ಚು ದುಡ್ಡೇನೂ ಹಿಡಿಯಲಿಲ್ಲ.

ಮರಳಿ ಬರುವಾಗ ರೈಲು ಗೋವಾ ಹಾದು ಬರುವುದರಿಂದ ಕ್ಯಾಬಿನ್ನಿನಲ್ಲಿ ಒಂದೇ ಒಂದು ಬಾಟಲಿ ಇದ್ದರೂ ಗಾಡಿ ನನ್ನದಲ್ಲ ಎಂದು ಡ್ರೈವರುಗಳಿಗೆ ಹೇಳಿಟ್ಟಿದ್ದೇನೆ. ಸ್ಟೌ ಹಚ್ಚುವುದಕ್ಕೂ ಅಷ್ಟೇ ಕಟ್ಟುನಿಟ್ಟು, ಎರಡು ಹೊತ್ತಿನ ಚಪಾತಿ, ಅವಲಕ್ಕಿ, ಎರಡು ಕ್ಯಾನ್ ನೀರು ಮನೆಯಿಂದಲೇ ಹೋಗುತ್ತದೆ. ರಸ್ತೆಯಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಹೋಗುತ್ತಿದ್ದ ನನ್ನ ಹಿರಿಯ ಡ್ರೈವರ್, ಕೆಲಸ ಬಿಡುವ ಮಾತಾಡುತ್ತಿದ್ದವರು, ಈಗ ಹಂಚಿನ ಲೋಡು ಯಾವಾಗ ಅಣ್ಣಾ ಎಂದು ತಾವೇ ಕೇಳುತ್ತಾರೆ. ಬಾಟಾ (ಡ್ರೈವರಿನ ಭತ್ಯೆ) ಮಾತ್ರ ರಸ್ತೆಯ ದರದಲ್ಲೇ ಕೊಡುತ್ತೇನೆ. ಮಲಗಿ ಹೋಗುವವನಿಗೆ ಏಕೆ ಪೂರ್ತಿ ಬಾಟಾ ಎಂದು ಕತ್ತರಿಸಿದ ಮಾಲೀಕರ ಡ್ರೈವರುಗಳು ಯಾರ್ಡಿನ ಕಾಯುವಿಕೆಯನ್ನೇ ನೆಪ ಮಾಡಿ ರಸ್ತೆ ಹಿಡಿದದ್ದನ್ನು ನೋಡಿದ್ದೇನೆ.

ಮಳೆಗಾಲದಲ್ಲಿ ಲೆಕ್ಕ ಬದಲಾಗುತ್ತದೆ. ಕೊಂಕಣ ಮಾರ್ಗದಲ್ಲಿ ಜೂನ್‌ನಿಂದ ರೈಲುಗಳ ವೇಗ ಇಳಿಸಿ ಓಡಿಸುತ್ತಾರೆ. 2024ರ ಜುಲೈನಲ್ಲಿ ಪೆರ್ನೆಂ ಸುರಂಗದೊಳಗೆ ನೀರು ಉಕ್ಕಿ ಸಂಚಾರವೇ ನಿಂತಾಗ ನನ್ನದೊಂದು ಗಾಡಿ ಇನ್ನೂ ಸುರತ್ಕಲ್‌ನಲ್ಲೇ ಇದ್ದುದರಿಂದ ಹುಬ್ಬಳ್ಳಿಯ ಮೇಲೆ ತಿರುಗಿಸಿದೆ. ಹಂಚಿಗೆ ಬೇಡಿಕೆ ಇರುವುದು ಮಳೆಗೆ ಮೊದಲೇ, ಫೆಬ್ರುವರಿಯಿಂದ ಮೇವರೆಗೆ; ಆಗ ರೈಲಿನ ವೇಗಕ್ಕೂ ತೊಂದರೆಯಿಲ್ಲ.

ಟೈರು, ಟೋಲ್, ಒಡಕು, ಗಡಿಯ ಖರ್ಚು ಎಲ್ಲ ಸೇರಿಸಿದರೆ ಒಂದು ಹೋಗುವಿಕೆಗೆ ಹದಿಮೂರರಿಂದ ಹದಿನೈದು ಸಾವಿರ ಉಳಿಯುತ್ತಿದೆ, ಯಾರ್ಡಿನಲ್ಲಿ ಎರಡು ದಿನ ಕಾದರೆ ಅದರಲ್ಲಿ ಐದಾರು ಸಾವಿರ ಹಾಲ್ಟಿಂಗಿಗೆ ಹೋಗುತ್ತದೆ. ಮರಳುವ ಲೋಡು ಇನ್ನೂ ಪೂರ್ತಿ ಕುದುರಿಲ್ಲ. ದೋಳ್ವಿಯ ಕಡೆಯಿಂದ ಉಕ್ಕು ಸಿಕ್ಕರೆ ಅದೂ ಹಂಚಿನಂತೆ ತಗ್ಗಿನ, ಭಾರದ ಸರಕು, ರೈಲಿಗೆ ಒಗ್ಗುತ್ತದೆ. ತಳೋಜಾದಿಂದ ಡ್ರಮ್ಮುಗಳ ಲೋಡು ಬಂದರೆ ಒಳಗಿನ ಸರಕು ಅಪಾಯಕಾರಿಯೋ ಎಂದು ವಿಚಾರಿಸುವುದರಲ್ಲೇ ದಿನ ಹೋಗುತ್ತದೆ, ಅದಕ್ಕೆ ರಸ್ತೆಯೇ ಸರಿ. ಉಕ್ಕಿನ ಸುರುಳಿಯನ್ನು ವ್ಯಾಗನ್ನಿನ ಹಿಂಜಗ್ಗಿಗೆ ಹೇಗೆ ಕಟ್ಟಬೇಕೆಂದು ಸದ್ಯ ಮರದ ದಿಮ್ಮಿಗಳನ್ನಿಟ್ಟು ನೋಡುತ್ತಿದ್ದೇನೆ. ಮುಂದಿನ ಬೇಸಿಗೆಯೊಳಗೆ ಅದೂ ಕೂಡಿಬಂದರೆ ಎರಡೂ ಕಡೆ ರೈಲಿನಲ್ಲೇ ಓಡಿಸುವ ಇರಾದೆಯಿದೆ.