ಹಿತ್ತಲಲ್ಲಿ ಬಾರ್ಬೆಕ್ಯೂ ಅಡುಗೆಮನೆ: ಕಟ್ಟೆ ಗೌಂಡಿಯದು, ಗ್ರಿಲ್ ಅಂಗಡಿಯದು

ಕಲಬುರಗಿ ಕಡೆ ಹಿತ್ತಲಲ್ಲಿ ಬಾರ್ಬೆಕ್ಯೂ ಅಡುಗೆಮನೆ ಮಾಡಿಸುವವರು ಬಿಡಿ ಭಾಗ ಜೋಡಿಸುವ ರೆಡಿಮೇಡ್ ಮಾಡ್ಯುಲರ್ ಸೆಟ್ಟೋ, ಪೂರ್ತಿ ಕಟ್ಟಿಸುವುದೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡನ್ನೂ ಸೇರಿಸಿ. ಮೊದಲು ಸ್ಟೀಲ್ ಗ್ರಿಲ್ ಕೊಂಡು ತನ್ನಿ, ಆಮೇಲೆ ಅದರ ಅಳತೆಗೆ ಗೌಂಡಿಯಿಂದ ಕಟ್ಟೆ ಕಟ್ಟಿಸಿ, ಮೇಲೆ ಶಹಾಬಾದ್ ಫರ್ಸಿ ಹಾಕಿಸಿ. ಕಲ್ಲು ನಮ್ಮ ಜಿಲ್ಲೆಯದೇ, ಬಿಸಿಲು ಮಳೆಗೆ ಜಗ್ಗುವುದಿಲ್ಲ. ಅಗ್ಗದ ಸೆಟ್ಟಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಾಗಿಲು ಒಂದು ಮಳೆಗಾಲಕ್ಕೇ ಉಬ್ಬುತ್ತದೆ. ಇನ್ನು ಗ್ರಿಲ್ ಹಾಳಾದರೆ ಅದನ್ನಷ್ಟೇ ಎತ್ತಿ ಬದಲಾಯಿಸಬಹುದು, ಕಟ್ಟೆ ಒಡೆಯಬೇಕಿಲ್ಲ. ಗ್ರಿಲ್ ಸುತ್ತ ಸ್ವಲ್ಪ ಸಂದು ಬಿಡಿಸುವುದನ್ನು ಮಾತ್ರ ಮರೀಬೇಡಿ. ಎಷ್ಟು ಬಿಡಬೇಕೆಂದು ಅದರ ಜೊತೆ ಬರುವ ಪುಸ್ತಕದಲ್ಲೇ ಇರುತ್ತದೆ. ಕಾದ ಸ್ಟೀಲ್ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಫರ್ಸಿಯ ಮೂಲೆ ಸೀಳುತ್ತದೆ. ಇದ್ದಿಲ ಕೆಂಡವನ್ನು ಫರ್ಸಿಯ ಮೇಲೆ ನೇರವಾಗಿ ಹಾಕಲೇಬೇಡಿ. ಅದು ಸುಣ್ಣದ ಕಲ್ಲು, ಬೆಂಕಿಗೆ ಪದರ ಬಿಡುತ್ತದೆ. ಬೆಂಕಿ ಇರುವ ಕಡೆ ಫೈರ್ ಬ್ರಿಕ್, ಅಂದರೆ ಬೆಂಕಿ ತಡೆಯುವ ಇಟ್ಟಿಗೆ ಇರಲಿ. ನಿಂಬೆಹಣ್ಣು, ಮೊಸರಿನ ಮಸಾಲೆ ಚೆಲ್ಲಿದರೂ ತಕ್ಷಣ ಒರೆಸಿ, ಹುಳಿ ಬಿದ್ದಲ್ಲಿ ಕಲೆ ಉಳಿಯುತ್ತದೆ. ಸಿಲಿಂಡರ್ ಕಟ್ಟೆಯೊಳಗೆ ಇಡುವುದಾದರೆ ತಳದಲ್ಲಿ, ನೆಲದ ಮಟ್ಟಕ್ಕೆ ಗಾಳಿಕಿಂಡಿ ಬೇಕೇ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಮೇಲೆ ಮಾತ್ರ ಕಿಂಡಿ ಬಿಟ್ಟರೆ ಸಾಲದು. ಬಾಡಿಗೆ ಮನೆಯವರಿಗೆ ಇದು ಆಗಿಬರುವುದಿಲ್ಲ, ಅಲ್ವಾ? ಹಳೇ ಮನೆಯ ಮಾಳಿಗೆ ಮೇಲೂ ಬೇಡ, ಇಟ್ಟಿಗೆ ಕಲ್ಲಿನ ಭಾರ ಜಾಸ್ತಿ. ಅಂಥ ಕಡೆ ಚಕ್ರ ಇರುವ ಸ್ಟೀಲ್ ಮಾಡ್ಯುಲರ್ ಸೆಟ್ಟೇ ಸರಿ, ಏಪ್ರಿಲ್-ಮೇ ಬಿಸಿಲಿಗೆ ನೆರಳಿಗೆ ತಳ್ಳಿಕೊಳ್ಳಬಹುದು.