ಲೇಯರ್ ಬಂತು, ಬಾವಿಗಳು ಎಲ್ಲಿ?

ಬೇರೆಯವರು ಕೊಟ್ಟ, ಬಾವಿಗಳ ಜಾಗ ಗುರುತಿಸಿದ ಶೇಪ್‌ಫೈಲನ್ನು (ನಕ್ಷೆಯ ಡೇಟಾ ಫೈಲು) ಮೊದಲ ಸಲ ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ಗೆ ಹಾಕಿದಾಗ ಒಂದು ಎರರ್ ಕೂಡ ಬರಲಿಲ್ಲ. ಪಟ್ಟಿಯಲ್ಲಿ ಲೇಯರ್ ಹೆಸರು ಬಂತು. ಟೇಬಲ್ ತೆಗೆದರೆ ಬಾವಿಗಳ ಸಾಲುಗಳೂ ಇದ್ದವು. ನಕ್ಷೆಯಲ್ಲಿ ಮಾತ್ರ ಒಂದೂ ಇಲ್ಲ.

'ಝೂಮ್ ಟು ಲೇಯರ್' ಒತ್ತಿದೆ. ನಕ್ಷೆ ಎಲ್ಲೋ ಹಾರಿ ಭೂಮಧ್ಯರೇಖೆಯ ಹತ್ತಿರ ನಿಂತಿತು. ಬಾವಿಗಳು ಅಲ್ಲಿದ್ದವು, ಚೆನ್ನಾಗಿ ಹರಡಿಕೊಂಡೇ ಇದ್ದವು! ಕೆಳಗಿನ ಸ್ಕೇಲ್ ನೋಡಿದರೆ 1:3. ಅಷ್ಟೂ ಬಾವಿಗಳು ಒಂದು ಮೇಜಿನಗಲ ಜಾಗದಲ್ಲಿ ಕೂತಿದ್ದವು.

ಆಗಿದ್ದು ಇಷ್ಟೆ. ಡೇಟಾ ಇದ್ದದ್ದು ಅಕ್ಷಾಂಶ ರೇಖಾಂಶದಲ್ಲಿ. ಅಂಕಿಗಳು ಯಾವ ನಿರ್ದೇಶಾಂಕ ಪದ್ಧತಿಯವು ಎಂದು ಹೇಳುವ, ಜೊತೆಗೆ ಬರಬೇಕಿದ್ದ ಪಿಆರ್‌ಜೆ ಫೈಲ್ ಬಂದಿರಲಿಲ್ಲ. ನಾನು ಸುಮ್ನೆ ಪ್ರಾಜೆಕ್ಟಿನ ಯುಟಿಎಂ ಅನ್ನೇ, ಅಂದರೆ ಜಾಗವನ್ನು ಮೀಟರ್‌ನಲ್ಲಿ ಹೇಳುವ ಪದ್ಧತಿಯನ್ನೇ, ಆರಿಸಿದ್ದೆ. ಅಕ್ಷಾಂಶದ ಒಂದು ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಸಾಫ್ಟ್‌ವೇರ್ ಅದನ್ನು ಒಂದು ಮೀಟರ್ ಎಂದುಕೊಂಡಿತು. ಅದರದ್ದೇನೂ ತಪ್ಪಿಲ್ಲ, ಹೇಳಿದವನು ನಾನೇ ಅಲ್ವಾ?

ಸರಿಮಾಡಿದ್ದು ಹೀಗೆ: ಲೇಯರ್‌ನ ನಿರ್ದೇಶಾಂಕ ಪದ್ಧತಿ ಹೇಳುವ 'ಸೆಟ್ ಲೇಯರ್ ಸಿಆರ್‌ಎಸ್'ಗೆ ಹೋಗಿ, ಅಕ್ಷಾಂಶ ರೇಖಾಂಶದ ಕೋಡ್ ಆದ ಇಪಿಎಸ್‌ಜಿ:4326 ಕೊಟ್ಟೆ. ಬಾವಿಗಳು ತಮ್ಮ ಊರಿಗೆ ಬಂದವು. ಆಮೇಲೆ ದೂರ ಅಳೆಯಲು ಮೀಟರ್ ಬೇಕಿತ್ತು, ಹಾಗಾಗಿ ಎಕ್ಸ್‌ಪೋರ್ಟ್ ಮಾಡುವಾಗ ಯುಟಿಎಂ ಆರಿಸಿ ಹೊಸ ಫೈಲ್ ಉಳಿಸಿದೆ. ಇವೆರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಮೊದಲನೆಯದು ಯಾವ ಪದ್ಧತಿ ಎಂದು ಹೇಳುವ ಚೀಟಿಯನ್ನು ಮಾತ್ರ ಬದಲಿಸುತ್ತದೆ, ಅಂಕಿಗಳನ್ನು ಮುಟ್ಟುವುದಿಲ್ಲ. ಎರಡನೆಯದು ಅಂಕಿಗಳನ್ನೇ ಲೆಕ್ಕ ಹಾಕಿ ಬದಲಿಸುತ್ತದೆ. ಚೀಟಿ ತಪ್ಪಿರುವಾಗ ಎಕ್ಸ್‌ಪೋರ್ಟ್ ಮಾಡಿದರೆ ತಪ್ಪು ಇನ್ನೂ ಆಳಕ್ಕೆ ಇಳಿಯುತ್ತದೆ.

ಈಗ ಯಾವ ಫೈಲ್ ಬಂದರೂ ಮೊದಲು ಲೇಯರ್ ಮಾಹಿತಿಯಲ್ಲಿ ಎಕ್ಸ್‌ಟೆಂಟ್, ಅಂದರೆ ಡೇಟಾ ಹರಡಿರುವ ಎಲ್ಲೆಯ ಅಂಕಿಗಳನ್ನು, ನೋಡುತ್ತೇನೆ. ಅಂಕಿಗಳು 180, 90ರ ಒಳಗಿದ್ದರೆ ಬಹುಪಾಲು ಡಿಗ್ರಿ. ಆರೇಳು ಅಂಕಿ ಉದ್ದ ಇದ್ದರೆ ಮೀಟರ್ ಇರಬಹುದು, ಆದರೆ ಯುಟಿಎಂನ ಯಾವ ವಲಯ ಅಂತ ಕೊಟ್ಟವರನ್ನೇ ಕೇಳುವುದು ವಾಸಿ. ಊಹೆ ಮಾಡಿ ಒಮ್ಮೆ ಕೆಟ್ಟಿದ್ದೇನೆ.

ಸಿಎಸ್‌ವಿ (ಟೇಬಲನ್ನು ಬರೀ ಪಠ್ಯವಾಗಿ ಉಳಿಸಿದ ಫೈಲ್) ಆದರೆ ಕಾಟ ಬೇರೆ. ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಬಾಯಲ್ಲಿ ಹೇಳುವ ರೂಢಿ ಉಲ್ಟಾ, ಅದಕ್ಕೇ ಜಾಸ್ತಿ ಎಡವುವುದು. ಇನ್ನೊಂದು ಸಲ ಬಾವಿಯ ಕೋಡ್ 0457 ಇದ್ದದ್ದು 457 ಆಗಿ, ಇನ್ನೊಂದು ಟೇಬಲ್ ಜೊತೆ ಜಾಯಿನ್ ಆಗಲೇ ಇಲ್ಲ. ಅರ್ಧ ದಿನ ಹುಡುಕಿದೆ. ಕಾಲಂನಲ್ಲಿರುವುದು ಸಂಖ್ಯೆಯೋ ಪಠ್ಯವೋ ಎಂದು ತಾನೇ ಊಹಿಸುವ 'ಡಿಟೆಕ್ಟ್ ಫೀಲ್ಡ್ ಟೈಪ್ಸ್' ಮುಂದಿನ ಟಿಕ್ ತೆಗೆದು ಮತ್ತೆ ಹಾಕಿದೆ, ಸೊನ್ನೆ ವಾಪಸ್ ಬಂತು.