ಕೋಳಿಗಳ ನೀರಿಗೆ ಮಣ್ಣಿನ ಬೋಗುಣಿ

ತೋಟದಲ್ಲಿ ಕೋಳಿ ಸಾಕಿರುವವರು ಈ ಬೇಸಿಗೆಗೆ ಪ್ಲಾಸ್ಟಿಕ್ ಬಟ್ಟಲನ್ನು ಎತ್ತಿಟ್ಟು, ಬಣ್ಣ ಬಳಿಯದ ಮಣ್ಣಿನ ಬೋಗುಣಿಯಲ್ಲಿ ನೀರಿಡಿ. ಹೊಂಗೆ ಮರದ ಕೆಳಗೆ, ಗಾಳಿಯಾಡುವ ಕಡೆ, ಎರಡು ಇಟ್ಟಿಗೆಗಳ ಮೇಲೆ. ಮಣ್ಣಿನಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ಶಾಖವನ್ನೂ ಹೊತ್ತೊಯ್ಯುತ್ತದೆ. ಕೋಳಿ ಬೆವರುವುದಿಲ್ಲ, ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಅದಕ್ಕೆ ನೀರು ಬೇಕು, ಆದರೆ ಬಿಸಿಯಾದ ನೀರನ್ನು ಅದು ಸರಿಯಾಗಿ ಕುಡಿಯುವುದಿಲ್ಲ. ಬೆಂಗಳೂರಿನ ಮಾರ್ಚ್, ಏಪ್ರಿಲ್‌ನ ಒಣಹವೆಗೆ ಈ ಉಪಾಯ ಹೇಳಿ ಮಾಡಿಸಿದಂತಿದೆ. ಮಳೆ ಬಿದ್ದು ಸೆಕೆ ಕವಿದ ದಿನ ಮಾತ್ರ ಹೆಚ್ಚು ಪ್ರಯೋಜನವಿಲ್ಲ. ನೇರ ಬಿಸಿಲಿಗೆ ಇಟ್ಟರಂತೂ ಬೋಗುಣಿಯೇ ಕಾಯುತ್ತದೆ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ಇನ್ನೊಂದು ತಲೆನೋವು: ಹೊರಮೈಯಲ್ಲಿ ಬಿಳಿ ಉಪ್ಪು ಕಟ್ಟಿ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಹುಣಸೆ ನೀರು ಸವರಿ ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ, ಸಾಬೂನು ಬೇಡ, ಅದನ್ನು ಮಣ್ಣು ಹೀರಿಕೊಳ್ಳುತ್ತದೆ. ಮರಿಗಳಿದ್ದರೆ ಬೋಗುಣಿಯೊಳಗೆ ಬೆಣಚುಕಲ್ಲುಗಳನ್ನು ಹಾಕಿ, ಮುಳುಗುವ ಭಯವಿರುವುದಿಲ್ಲ. ಜೇನುಹುಳುಗಳಿಗೂ ಕೂರಲು ಜಾಗವಾಗುತ್ತದೆ. ಸಂಜೆ ಉಳಿದ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯಿರಿ.